ಮನೆಯಲ್ಲೇ ಬೈಕ್ ಚೈನ್ ಬದಲಾಯಿಸಿದವರು ಇದ್ದೀರಾ? ಅನುಭವ ಹೇಳಿ

ಕೇಳಿದ್ದು, ಹೊಸನಗರದಿಂದ:
ನನ್ನದು 125 ಸಿಸಿ ಗಾಡಿ, 26,000 ಕಿಲೋಮೀಟರ್ ಓಡಿದೆ. ದಿನಾ ಅರ್ಧ ದಾರಿ ಮಣ್ಣಿನ ರಸ್ತೆ. ಚೈನ್ ಎಷ್ಟು ಟೈಟ್ ಮಾಡಿದರೂ ವಾರದಲ್ಲಿ ಮತ್ತೆ ಲೂಸ್. ಏರು ಹತ್ತುವಾಗ ಹಲ್ಲು ಹಾರಿದ ಹಾಗೆ ಕಟ್ ಕಟ್ ಅನ್ನುತ್ತದೆ. ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಕೊನೆಯ ಗೆರೆಗೆ ಬಂದಿದೆ. ಮನೆಯಲ್ಲೇ ಬದಲಾಯಿಸಬಹುದಾ? ಚೈನ್ ಒಂದೇ ಸಾಕಾ, ಪೂರ್ತಿ ಸೆಟ್ ಹಾಕಬೇಕಾ? ಮಳೆ ಹಿಡಿಯೋ ಮೊದಲು ಮುಗಿಸಬೇಕು.

ತೀರ್ಥಹಳ್ಳಿಯಿಂದ:
ಮಾಡಬಹುದು ಮಾರಾಯ್ರೇ, ನಾನು ಎರಡು ಸಲ ಮಾಡಿದ್ದೇನೆ. ಆದರೆ ಚೈನ್ ಒಂದೇ ತರಬೇಡಿ. ಮೊದಲ ಸಲ ದುಡ್ಡು ಉಳಿಯುತ್ತದೆ ಅಂತ ನಾನು ಚೈನ್ ಮಾತ್ರ ಹಾಕಿದೆ. ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಹಳೇ ಸ್ಪ್ರಾಕೆಟ್ಟಿನ ಹಲ್ಲು ಕುಡುಗೋಲಿನ ತುದಿ ಹಾಗೆ ಒಂದೇ ಕಡೆ ಬಾಗಿ ಚೂಪಾಗಿತ್ತು, ಹೊಸ ಚೈನ್ ಅದರ ಮೇಲೆ ಸರಿಯಾಗಿ ಕೂರಲೇ ಇಲ್ಲ, ಒಂದು ಮಳೆಗಾಲ ಕಳೆಯೋದರೊಳಗೆ ಮತ್ತೆ ಅದೇ ಕಟಕಟ. ಚೈನ್ ರಬ್ಬರಿನ ಹಾಗೆ ಎಳೆದುಕೊಳ್ಳುವುದಲ್ಲ. ಒಳಗಿನ ಪಿನ್ನು, ಬುಷ್ಷು ಸವೆದು ಒಂದೊಂದು ಕೊಂಡಿಯಲ್ಲೂ ಕೂದಲೆಳೆಯಷ್ಟು ಸಂದು ಬೀಳುತ್ತದೆ, ಅದೆಲ್ಲ ಸೇರಿ ಉದ್ದ ಆಗುತ್ತದೆ. ಆ ಉದ್ದಕ್ಕೆ ತಕ್ಕ ಹಾಗೆ ಹಲ್ಲೂ ಸವೆದಿರುತ್ತದೆ. ಹಾಗಾಗಿ ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್, ಚೈನ್, ಮೂರೂ ಒಟ್ಟಿಗೆ.

ತರುವ ಮೊದಲು ಅಳತೆ ಮಾಡಿ ನೋಡಿ. ನಿಮ್ಮ ಚೈನ್ ಪಟ್ಟಿಯ ಮೇಲೆ 428 ಅಂತ ಒತ್ತಿದ್ದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. 20 ಕೊಂಡಿಗೆ 254 ಮಿಲಿಮೀಟರ್ ಇರಬೇಕು. ಚೈನ್ ಬಿಗಿಯಾಗಿ ಎಳೆದು ಹಿಡಿದಾಗ 259 ದಾಟಿದರೆ ಅದರ ಆಯಸ್ಸು ಮುಗಿಯಿತು. ಟೇಪ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಒಂದು ಕೊಂಡಿ ಹಿಡಿದು ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂತಾ, ಬದಲಾಯಿಸಿ.

ಈಗ ಕೆಲಸ. ಡಬಲ್ ಸ್ಟ್ಯಾಂಡ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಒಂದು ಅಡಿಕೆ ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ, ಬಿಚ್ಚಿದ ನಟ್ಟು ಬೋಲ್ಟೆಲ್ಲ ಬಿಚ್ಚಿದ ಸಾಲಿನಲ್ಲೇ ಅದರಲ್ಲಿ ಜೋಡಿಸಿ. ಚೈನಿನ ಎರಡು ತುದಿ ಕೂಡಿಸುವ ಕೊಂಡಿಗೆ ಚೈನ್ ಲಾಕ್ ಅನ್ನುತ್ತಾರೆ, ಅದರ ಕ್ಲಿಪ್ ಅಂಗಳದ ಮಣ್ಣಿಗೆ ಬಿದ್ದರೆ ಸಿಗುವುದಿಲ್ಲ. ಹಳೇ ಚೈನ್ ಬಿಚ್ಚುವ ಮೊದಲೇ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟು ಸಡಿಲ ಮಾಡಿ. ಗೇರಿಗೆ ಹಾಕಿ, ಯಾರಾದರೂ ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಸ್ಪ್ರಾಕೆಟ್ ತಿರುಗುವುದಿಲ್ಲ. ಚೈನ್ ಬಿಚ್ಚಿದ ಮೇಲೆ ನೆನಪಾದರೆ ಅದನ್ನು ಹಿಡಿಯೋಕೆ ಏನೂ ಇರಲ್ಲ. ಆಮೇಲೆ ನೋಸ್ ಪ್ಲೈಯರಿನಿಂದ ಕ್ಲಿಪ್ ತೆಗೆದು ಚೈನ್ ಬಿಚ್ಚಿ, ಬ್ರೇಕ್ ರಾಡ್, ಬ್ರೇಕ್ ಪ್ಲೇಟಿಗೆ ಹಿಡಿದಿರುವ ಉದ್ದ ಪಟ್ಟಿ, ಆಕ್ಸಲ್ ನಟ್ಟು ಬಿಚ್ಚಿ ಚಕ್ರ ಹೊರಗೆ. ಹಳೇ ಸ್ಪ್ರಾಕೆಟ್ ಎರಡನ್ನೂ ತೆಗೆದು ಹೊಸದು ಹಾಕಿ, ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಟೈಟ್ ಮಾಡಿ. ನಟ್ಟು ಸಡಿಲವಾಗದ ಹಾಗೆ ತಡೆಯುವ ಲಾಕ್ ಪ್ಲೇಟ್ ಇದ್ದರೆ ಅದರ ಕಿವಿ ಮಡಚುವುದು ಮರೆಯಬೇಡಿ.

ಚಕ್ರ ಕೂರಿಸುವಾಗ ಅಡ್ಜಸ್ಟರ್ ಪೂರ್ತಿ ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿ, ಹೊಸ ಚೈನ್ ಗಿಡ್ಡ ಇರುತ್ತದೆ. ಎರಡು ತುದಿಯನ್ನೂ ಹಿಂದಿನ ಸ್ಪ್ರಾಕೆಟ್ಟಿನ ಮೇಲೇ ತಂದು ಕೂಡಿಸಿ. ಹಲ್ಲೇ ಎರಡೂ ಕಡೆ ಹಿಡಿದುಕೊಳ್ಳುತ್ತದೆ, ಕೈ ಎರಡೂ ಖಾಲಿ ಇರುತ್ತದೆ.

ಇನ್ನು ಕ್ಲಿಪ್. ಇದಕ್ಕೆ ಎರಡು ನಿಮಿಷ ಜಾಸ್ತಿ ಕೊಡಿ, ದಯವಿಟ್ಟು. ಕ್ಲಿಪ್ ಮೀನಿನ ಆಕಾರದಲ್ಲಿರುತ್ತದೆ, ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ಬಾಲದ ಹಾಗೆ ಸೀಳಿರುತ್ತದೆ. ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಮೇಲಿನ ಸಾಲು ಮುಂದಕ್ಕೆ ಓಡುತ್ತದೆ, ಹಾಗಾಗಿ ಕ್ಲಿಪ್ ಮೇಲಿನ ಸಾಲಿಗೆ ಬಂದಾಗ ಮುಚ್ಚಿದ ತುದಿ ಹೆಡ್‌ಲೈಟ್ ಕಡೆ ನೋಡುತ್ತಿರಬೇಕು. ಪ್ಲೈಯರಿನಿಂದ ಒತ್ತಿದಾಗ ಟಕ್ ಅಂತ ಸದ್ದಾಗಿ ಎರಡೂ ಪಿನ್ನಿನ ಗೆರೆಯೊಳಗೆ ಇಳಿಯುತ್ತದೆ. ಉಗುರು ಹಾಕಿ ಅಲುಗಾಡಿಸಿ ನೋಡಿ. ನನ್ನ ಭಾವನ ಗಾಡಿಗೆ ಒಂದು ಅಂಗಡಿಯಲ್ಲಿ ಇದನ್ನೇ ಉಲ್ಟಾ ಹಾಕಿ ಕೊಟ್ಟಿದ್ದರು. ಮಂಡಗದ್ದೆ ದಾಟಿದ ಮೇಲೆ ಕ್ಲಿಪ್ ಹಾರಿ ಚೈನ್ ಕಳಚಿತು. ಜಡಿಮಳೆಯಲ್ಲಿ, ಕತ್ತಲಲ್ಲಿ ಗಾಡಿ ತಳ್ಳಿಕೊಂಡು ನಡೆದರು. ಚಕ್ರ ಕಚ್ಚಿ ನಿಲ್ಲದೇ ಇದ್ದದ್ದು ಪುಣ್ಯ.

ಚೈನ್ ಎಷ್ಟು ಸಡಿಲ ಇರಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕ ಅಥವಾ ಚೈನ್ ಕವರಿನ ಹತ್ತಿರದ ಸ್ಟಿಕರ್ ನೋಡಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಕೆಳಗಿನ ಸಾಲಿನ ನಡುವೆ 20ರಿಂದ 30 ಮಿಲಿಮೀಟರ್ ಮೇಲೆ ಕೆಳಗೆ ಆಡಬೇಕು. ಚಕ್ರ ತಿರುಗಿಸಿ ನಾಲ್ಕೈದು ಜಾಗದಲ್ಲಿ ಒತ್ತಿ ನೋಡಿ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿ ಅಳೆಯಿರಿ. ಎರಡೂ ಕಡೆಯ ಅಡ್ಜಸ್ಟರಿನ ಗೆರೆ ಒಂದೇ ಇರಲಿ. ಬಿಗಿ ಜಾಸ್ತಿ ಆದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಏಟು. ಡ್ರಮ್ ಬ್ರೇಕ್ ಆದರೆ ಬ್ರೇಕ್ ಒತ್ತಿ ಹಿಡಿದು ಆಕ್ಸಲ್ ನಟ್ಟು ಕೊನೆಯ ಸಲ ಬಿಗಿಯಿರಿ, ಡ್ರಮ್ಮಿನೊಳಗಿನ ಬ್ರೇಕ್ ಲೈನರ್ ಸರಿಯಾಗಿ ನಡುವೆ ಕೂರುತ್ತದೆ. ಆ ಉದ್ದ ಪಟ್ಟಿಯ ನಟ್ಟು, ಅದರ ಪಿನ್ನು ಹಾಕಿದಿರಾ ಅಂತ ಮತ್ತೊಮ್ಮೆ ನೋಡಿ. ಅದು ಬಿಟ್ಟುಹೋದರೆ ಬ್ರೇಕ್ ಒತ್ತಿದಾಗ ಪ್ಲೇಟೇ ತಿರುಗಿಬಿಡುತ್ತದೆ. ಘಾಟಿಯಲ್ಲಿ ಹಾಗಾದರೆ ಗತಿ ಏನು?

ಆಗುಂಬೆ ಕಡೆಯಿಂದ:
ಮೇಲಿನವರು ಹೇಳಿದ್ದು ಎಲ್ಲ ಸರಿ. ಮಳೆಗಾಲದ ಬಗ್ಗೆ ಮಾತ್ರ ಸೇರಿಸುತ್ತೇನೆ. ನಮ್ಮಲ್ಲಿ ಜೂನ್‌ನಿಂದ ಚೈನ್ ಒಣಗುವುದೇ ಇಲ್ಲ, ಎಣ್ಣೆ ಎರಡು ದಿನದಲ್ಲಿ ತೊಳೆದು ಹೋಗುತ್ತದೆ, ಜಂಬಿಟ್ಟಿಗೆ ಮಣ್ಣು ಮಾತ್ರ ಉಳಿಯುತ್ತದೆ. ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಸಂಜೆ ಮನೆಗೆ ಬಂದ ಮೇಲೆ, ಚೈನ್ ಇನ್ನೂ ಬಿಸಿ ಇರುವಾಗ, ಬಟ್ಟೆಯಲ್ಲಿ ಒರೆಸಿ 90 ನಂಬರ್ ಗೇರ್ ಆಯಿಲ್ ಕೆಳಗಿನ ಸಾಲಿನ ಒಳಮೈಗೆ ಹನಿ ಹನಿ ಹಾಕಿ, ರಾತ್ರಿ ಹಾಗೇ ಬಿಡಿ. ಇಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ಚೈನ್ ಒರೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಟ್ಟೆ ಸಿಕ್ಕಿಹಾಕಿಕೊಂಡರೆ ಬೆರಳೂ ಜೊತೆಗೇ ಹೋಗುತ್ತದೆ. ನ್ಯೂಟ್ರಲ್ ಮಾಡಿ ಕೈಯಲ್ಲೇ ಚಕ್ರ ತಿರುಗಿಸಿ.

ಶಿವಮೊಗ್ಗದಿಂದ:
ಒಂದು ಎಚ್ಚರಿಕೆ. ಲಾಕ್ ಇಲ್ಲದೆ ಪೂರ್ತಿ ರಿವಿಟ್ ಮಾಡಿದ ಓ-ರಿಂಗ್ ಚೈನ್ (ಕೊಂಡಿಗಳಲ್ಲಿ ರಬ್ಬರ್ ಉಂಗುರ ಇರುವುದು) ಆಗಿದ್ದರೆ ಮನೆಯಲ್ಲಿ ಸುತ್ತಿಗೆಯಿಂದ ಹೊಡೆದು ಕೂಡಿಸಬೇಡಿ. ಅದಕ್ಕೆ ಬೇರೆ ಟೂಲ್ ಬೇಕು. ಅಂಥ ಚೈನ್ ತೊಳೆಯೋಕೆ ಪೆಟ್ರೋಲೂ ಬೇಡ, ರಬ್ಬರ್ ಹಾಳಾಗುತ್ತದೆ. ಸೀಮೆಎಣ್ಣೆ ಸಾಕು.

ಕೇಳಿದವರು:
ತುಂಬಾ ಉಪಕಾರ ಆಯ್ತು. ನನ್ನದು 428, ಲಾಕ್ ಇರುವುದೇ. ಸೆಟ್ ತಂದೆ. ಆದರೆ ಪಕ್ಕಪಕ್ಕ ಇಟ್ಟರೆ ಹೊಸದೇ ಸ್ವಲ್ಪ ಉದ್ದ ಕಾಣುತ್ತದೆ, ಹೀಗಾಗಬಹುದಾ?

ತೀರ್ಥಹಳ್ಳಿಯಿಂದ:
ಕೊಂಡಿ ಜಾಸ್ತಿ ಇರಬೇಕು. ಉದ್ದ ನೋಡಬೇಡಿ, ಕೊಂಡಿ ಎಣಿಸಿ. ಹಳೇದರ ಲೆಕ್ಕವೇ ಸರಿ ಅಂತ ಹಿಡಿಯಬೇಡಿ, ಹಿಂದೆ ಯಾರಾದರೂ ಒಂದು ಜೊತೆ ಕೊಂಡಿ ತೆಗೆದಿರಬಹುದು, ಪುಸ್ತಕದಲ್ಲಿರುವ ಸಂಖ್ಯೆಗೆ ತಾಳೆ ನೋಡಿ. ಜಾಸ್ತಿ ಇದ್ದರೆ ಕತ್ತರಿಸುವ ಮೊದಲು ಕೊಂಡ ಅಂಗಡಿಗೇ ಒಯ್ದು ಕೇಳಿ, ಬೇರೆ ಗಾಡಿಯ ಸೆಟ್ ಕೊಟ್ಟಿದ್ದರೆ ಸ್ಪ್ರಾಕೆಟ್ಟಿನ ಹಲ್ಲಿನ ಲೆಕ್ಕವೂ ತಪ್ಪಿರುತ್ತದೆ. ಎಲ್ಲ ಸರಿಹೋಗಿ ಹಾಕಿದ ಮೇಲೆ 300 ಕಿಲೋಮೀಟರಿಗೆ ಒಮ್ಮೆ ಸಡಿಲ ನೋಡಿ, ಹೊಸ ಚೈನ್ ಮೊದಲಿಗೆ ಸ್ವಲ್ಪ ಇಳಿಯುತ್ತದೆ. ಒಂದು ಚೈನ್ ಲಾಕ್ ಜಾಸ್ತಿ ತಂದು ಸೀಟಿನ ಕೆಳಗೆ ಇಟ್ಟುಕೊಳ್ಳಿ.