ಅಪ್ಪನ ಅಥಣಿ ಚಪ್ಪಲಿಗೆ ಬೂಷ್ಟು ಬಂದಿದೆ, ಹೊಲಿಗೆನೂ ಬಿಟ್ಟಿದೆ, ಮನೇಲೇ ಸರಿ ಮಾಡ್ಬಹುದಾ?

ಕಡಲೂರ ಹುಡುಗಿ: ನಮಸ್ಕಾರ ಎಲ್ರಿಗೂ, ನಮ್ದು ಉಡುಪಿ. ಅಪ್ಪ ಅಥಣಿಗೆ ಹೋದಾಗ ತಂದಿದ್ದ ಚರ್ಮದ ಚಪ್ಪಲಿ, ಅವ್ರು ತೀರ್ಕೊಂಡ ಮೇಲೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ, ಮೊನ್ನೆ ತೆಗೆದು ನೋಡಿದ್ರೆ ಮೈತುಂಬ ಬೆಳ್ಳಗೆ ಬೂಷ್ಟು, ಉಂಗುಷ್ಟ ಒಣಗಿ ಗಟ್ಟಿಯಾಗಿದೆ, ಬಲಗಾಲಿಂದು ಹಿಮ್ಮಡಿ ಹತ್ರ ಅಟ್ಟೆ ಬಾಯಿ ಬಿಟ್ಟಿದೆ. ಎಡಗಾಲಿಂದ್ರಲ್ಲಿ ಅಪ್ಪನ ಹೆಬ್ಬೆರಳು ಒತ್ತಿ ಒತ್ತಿ ಆದ ಕುಳಿ ಹಾಗೇ ಇದೆ, ಅದು ಹೋಗ್ಬಾರ್ದು. ಸೋಪ್ ನೀರಲ್ಲಿ ತೊಳೀಬಹುದಾ? ರಿಪೇರಿಯವ್ರು ಅಟ್ಟೆ ಪೂರ್ತಿ ತೆಗೆದು ರಬ್ಬರ್ ಹಾಕ್ತೀನಿ ಅಂದ್ರು, ಮನಸ್ಸು ಬರ್ಲಿಲ್ಲ.

ಗಡಿನಾಡ ಮಂದಿ: ಅಕ್ಕಾರ, ನೀರಾಗ ಮಾತ್ರ ಹಾಕಬ್ಯಾಡ್ರಿ. ಈ ತೊಗಲು ಹದ ಮಾಡೂದು ಜಾಲಿ ತೊಗಟಿ, ಅಳಲೆಕಾಯಿ ಹಾಕಿ, ನೀರು ಕುಡೀತಂದ್ರ ಉಬ್ಬತೈತಿ, ಆಮ್ಯಾಲೆ ಒಣಗಿ ಸೆಟೀತೈತಿ. ಮದ್ಲ ಮನಿ ಹೊರಗ ಒಯ್ದು ಒಣಾ ಬ್ರಷ್‌ಲೆ ಬೂಷ್ಟು ಝಾಡಸ್ರಿ, ಒಳಗ ಝಾಡಿಸಿದ್ರ ಮನಿ ತುಂಬ ಹಾರತೈತಿ. ಆಮ್ಯಾಲೆ ವಿನೆಗರ್‌ಗೆ ಅಷ್ಟಾ ನೀರು ಬೆರಸಿ, ಬಟ್ಟಿ ಅದ್ದಿ ಗಟ್ಟಿ ಹಿಂಡಿ ಒರಸ್ರಿ. ಬಿಸಲಿಗೆ ಇಡಬ್ಯಾಡ್ರಿ, ಫ್ಯಾನಿನ ಕೆಳಗ ಎರಡು ದಿನ ಬಿಡ್ರಿ. ಪೂರಾ ಒಣಗಿದ ಮ್ಯಾಲೇನ ಹರಳೆಣ್ಣಿ, ಅದೂ ಬಟ್ಟಿಗೆ ನಾಕು ಹನಿ ಹಾಕ್ಕೊಂಡು. ಉಂಗುಷ್ಟಕ್ಕ ಬೆರಳಲೇ ತಿಕ್ಕಿ ಒಂದು ರಾತ್ರಿ ಬಿಡ್ರಿ, ಮೆತ್ತಗ ಆಗತೈತಿ. ಬಣ್ಣ ಸ್ವಲ್ಪ ಕಪ್ಪಾಗತೈತಿ, ಅದಕ್ಕ ಹೆದರಬ್ಯಾಡ್ರಿ.

ಮಲ್ಲೇಶ್ವರಂ ಅಜ್ಜ: ಅಟ್ಟೆಗೆ ಫೆವಿಬಾಂಡ್ ಸಾಕು ರೀ. ಎರಡೂ ಕಡೆ ತೆಳ್ಳಗೆ ಹಚ್ಚಿ, ಮುಟ್ಟಿದ್ರೆ ಕೈಗೆ ಮೆತ್ತದ ಹಾಗೆ ಆಗೋವರೆಗೂ ಕಾದು ಆಮೇಲೆ ಒತ್ತಿ ಮೇಲೆ ಒಂದು ರುಬ್ಬೋ ಗುಂಡು ಇಟ್ಟುಬಿಡಿ. ಕ್ಷಣದಲ್ಲಿ ಅಂಟೋ ಗಮ್ ಬೇಡ, ಅದು ಗಾಜಿನ ಹಾಗೆ ಗಟ್ಟಿಯಾಗಿ ನಡೆದಾಗ ಬಿರುಕು ಬಿಡುತ್ತೆ. ಆದ್ರೆ ಎಣ್ಣೆ ಹಚ್ಚೋಕೆ ಮುಂಚೆನೇ ಅಂಟಿಸ್ಬೇಕು, ಎಣ್ಣೆ ಮೇಲೆ ಯಾವ ಗಮ್ಮೂ ಹಿಡಿಯಲ್ಲ.

ಗಡಿನಾಡ ಮಂದಿ: ಅಜ್ಜಾರ, ಎಣ್ಣಿ ಮಾತು ಖರೇ, ಆದ್ರ ಬರೇ ಗಮ್ ಸಾಲಂಗಿಲ್ರಿ. ಇದು ಹೊಲಿಗಿ ಮ್ಯಾಲ ನಿಂತ ಚಪ್ಪಲಿ. ಹಳೇ ತೂತು ಇನ್ನೂ ಇರ್ತಾವ, ದಬ್ಬಣದಾಗ ಮೇಣ ತಿಕ್ಕಿದ ದಪ್ಪ ದಾರ ಹಾಕಿ ಅವೇ ತೂತಿನಾಗ ಹೊಲೀರಿ, ಹೊಸಾ ತೂತು ಹೊಡದ್ರ ತೊಗಲು ಅಲ್ಲೇ ಹರೀತೈತಿ.

ಕಡಲೂರ ಹುಡುಗಿ: ಇಬ್ರಿಗೂ ತುಂಬ ಥ್ಯಾಂಕ್ಸ್. ಬೂಷ್ಟು ಹೋಯ್ತು, ಅಟ್ಟೆ ಅಂಟಿಸಿ ಹೊಲಿದೆ, ಏಳು ಹೊಲಿಗೆಗೆ ಒಂದು ಮಧ್ಯಾಹ್ನ ಹಿಡೀತು, ಹಳೇ ತೂತು ಸಿಕ್ಕಿದ್ವು. ನಿನ್ನೆ ರಾತ್ರಿ ಹರಳೆಣ್ಣೆ ಹಚ್ಚಿದ್ದೆ, ಬೆಳಿಗ್ಗೆ ಉಂಗುಷ್ಟ ಬಗ್ತಾ ಇತ್ತು. ಕುಳಿ ಹಾಗೇ ಇದೆ. ಈಗ ಒಳಗೆ ಪೇಪರ್ ತುರುಕಿ ಬಟ್ಟೆ ಚೀಲದಲ್ಲಿ ಇಟ್ಟಿದ್ದೇನೆ, ಉಡುಪಿ ಮಳೆಗೆ ಪೇಪರ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ಬೇಕು?

ಗಡಿನಾಡ ಮಂದಿ: ಮುಟ್ಟಿದ್ರ ಥಂಡಿ ಅನಿಸಿದ ದಿನಾನ ತಗೀರಿ ಅಕ್ಕಾರ. ವಾರಕ್ಕೊಮ್ಮೆ ಹೊರಗ ತಗದು ಗಾಳಿಗೆ ಇಡ್ರಿ.