ಪದ ಬೇಕು: ತಮ್ಮ ಹಡಗನ್ನು ತಾವೇ ಮುಳುಗಿಸುವುದಕ್ಕೆ

ಎಲ್ಲರಿಗೂ ನಮಸ್ಕಾರ. ಒಂದು ಫೋಟೋದ ಅಡಿಬರಹಕ್ಕೆ ಪದ ಬೇಕು. ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತದೆ.

ಇಟಲಿಯ ‘ಕೊಂತೆ ವೆರ್ದೆ’ ಹಡಗು. 1930ರಲ್ಲಿ ಫುಟ್‌ಬಾಲ್‌ನ ಮೊದಲ ವಿಶ್ವಕಪ್‌ಗೆ ರುಮೇನಿಯಾ, ಫ್ರಾನ್ಸ್, ಬೆಲ್ಜಿಯಂ ತಂಡಗಳನ್ನು ಉರುಗ್ವೆಗೆ ಕರೆದೊಯ್ದದ್ದು ಇದೇ. ಕಪ್ ಕೂಡ ಇದರಲ್ಲೇ ಹೋಯಿತು. 1932ರಿಂದ ಇಟಲಿ, ಬೊಂಬಾಯಿ, ಶಾಂಘೈ ದಾರಿಯಲ್ಲಿ ಓಡಾಡಿತು. ಹಿಟ್ಲರನ ಕಾಟಕ್ಕೆ ಊರು ಬಿಟ್ಟ ಯಹೂದಿಗಳನ್ನು ಶಾಂಘೈಗೆ ತಲುಪಿಸಿತು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಅಲ್ಲೇ ಸಿಕ್ಕಿಕೊಂಡಿತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಸುದ್ದಿ ಬಂತು. ಜಪಾನಿಯರ ಕೈಗೆ ಸಿಗಬಾರದು ಅಂತ ಹಡಗಿನ ಸಿಬ್ಬಂದಿಯೇ ಅದನ್ನು ಮುಳುಗಿಸಿದರು. ಫೋಟೋದಲ್ಲಿ ಅದು ನದಿಯಲ್ಲಿ ಮಗ್ಗುಲಾಗಿ ಬಿದ್ದಿದೆ.

‘ಮುಳುಗಿತು’ ಅಂದರೆ ಅಪಘಾತ ಅನ್ನಿಸುತ್ತದೆ. ‘ಮುಳುಗಿಸಲಾಯಿತು’ ಅಂದರೆ ಶತ್ರು ಹೊಡೆದ ಹಾಗೆ. ಒಂದೇ ಪದ ಇದೆಯಾ? ‘ಮುಳುಗಡೆ’ ನಡೆಯುತ್ತಾ?

ಮರು:
‘ತನ್ಮುಳುಗಿಕೆ’. ಯಾರಾದರೂ ‘ಸ್ವಯಂನಿಮಜ್ಜನ’ ತರುವ ಮೊದಲೇ ಹೇಳಿಬಿಡುತ್ತೇನೆ, ಅದು ಬೇಡ. ‘ನೌಕೆ’ಯೂ ಬೇಡ. ಹಡಗು ನಮ್ಮದೇ ಪದ, ಹಳಗನ್ನಡದ ಪಡಗು. ಪಾಲು ಹಾಲಾಯಿತು, ಪಡಗು ಹಡಗಾಯಿತು. ತಮಿಳಿನ ಪಡಗು ಕೂಡ ಅದೇ ಬೇರಿನದು. ಇಂಥ ಬೇರು ಇರುವಾಗ ಬೇರೆಯವರ ಬಾಗಿಲಿಗೆ ಯಾಕೆ ಹೋಗಬೇಕು?

ಮರು:
‘ತನ್ಮುಳುಗಿಕೆ’ ತಪ್ಪು. ಹಡಗು ತಾನಾಗಿ ಮುಳುಗಿದ ಹಾಗಾಯಿತು, ಮುಳುಗಿಸಿದವರು ಎಲ್ಲಿ? ‘ಮುಳುಗಿಸಿಕೊಂಡರು’ ಅನ್ನಲೂ ಆಗಲ್ಲ. ಅಂಗಡಿ ಮುಳುಗಿಸಿಕೊಂಡ ಅಂದರೆ ಕೈಲಾಗದೆ ಕೆಡಿಸಿಕೊಂಡ ಅಂತ ಅರ್ಥ. ಇವರು ಬೇಕೆಂತಲೇ ಮಾಡಿದ್ದು. ಒಂದು ‘ಏ’ ಸಾಕು: ನಾವಿಕರೇ ಮುಳುಗಿಸಿದ ಹಡಗು.

‘ಮುಳುಗಡೆ’ ದಯವಿಟ್ಟು ಬೇಡ. ನಮ್ಮದು ಶರಾವತಿ ಹಿನ್ನೀರಿನ ಕಡೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಮ್ಮ ಗದ್ದೆ, ಮನೆ ಎರಡನ್ನೂ ತೆಗೆದುಕೊಂಡಿತು. ನಮ್ಮಜ್ಜಿ ಮದುವೆ, ಹೆರಿಗೆ ಎಲ್ಲವನ್ನೂ ‘ಮುಳುಗಡೆಗೆ ಮುಂಚೆ’, ‘ಮುಳುಗಡೆ ಆದಮೇಲೆ’ ಅಂತಲೇ ಲೆಕ್ಕ ಹಾಕುತ್ತಿದ್ದರು. ಆ ಪದದಲ್ಲಿ ಇರುವುದು ಕಳೆದುಕೊಂಡವರು. ಮುಳುಗಿಸಿದವರು ಅದರಲ್ಲಿ ಕಾಣುವುದೇ ಇಲ್ಲ.

ಮರು:
ಒಂದು ಪದ ಕೇಳಿದರೆ ಮೂರು ಪದ ಕೊಡುತ್ತೀರಿ. ಹೊಸ ಪದ ಕಟ್ಟುವುದು ಬಿಟ್ಟರೆ ನಾಳೆ ಎಲ್ಲವೂ ಸಾಲದ್ದೇ ಆಗುತ್ತದೆ.

ಮರು:
ಸಾಲ ಎಲ್ಲಿಂದ ಬಂತು? ‘ಮುಳುಗಿಸು’ ಅಚ್ಚ ಕನ್ನಡ. ಸಾಲದ ಮಾತೇ ಆದರೆ ಬಂದರು, ಲಂಗರು ಎರಡೂ ಪಾರಸಿಯಿಂದ ಬಂದವು. ಕರಾವಳಿಯಲ್ಲಿ ಅವಿಲ್ಲದೆ ಒಂದು ದಿನ ಸಾಗಲ್ಲ. ಅವನ್ನು ಕಿತ್ತುಹಾಕಿದರೆ ನಷ್ಟ ಕನ್ನಡಕ್ಕೇ.

ಮರು:
ಬಂದರಿನ ಜಗಳ ಇನ್ನೊಮ್ಮೆ ಆಡೋಣ. ನಿಮ್ಮ ಸಾಲಿನಲ್ಲಿ ‘ನಾವಿಕರೇ’ ಯಾಕೆ? ‘ಹಡಗಿನವರೇ’ ಅನ್ನಿ. ಅದರಲ್ಲಿ ಕಪ್ತಾನನಿಂದ ಅಡುಗೆಯವನ ತನಕ ಎಲ್ಲರೂ ಬರುತ್ತಾರೆ.

ಮರು:
ಒಪ್ಪಿದೆ, ಇಬ್ಬರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: ‘ಶಾಂಘೈ, 1943. ಜಪಾನಿಯರಿಗೆ ಸಿಗದಿರಲಿ ಎಂದು ಹಡಗಿನವರೇ ಮುಳುಗಿಸಿದ ಕೊಂತೆ ವೆರ್ದೆ.’