‘ಚಿನೋವೆತ್’ ಎಂಬ ಹೆಸರಿನ ಜಾಡು: ಕಾರ್ನ್‌ವಾಲ್ ಜನಗಣತಿ ಮತ್ತು ವಿವಾಹ ದಾಖಲೆಗಳ ಕೆಲವು ಪದಗಳ ಬಗ್ಗೆ

ಮಾನ್ಯರೇ,

1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಕೌಂಟಿಯಿಂದ ಗಣಿಗಾರರು ಬಂದದ್ದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಅಂಥವರ ಹಿಂದಿನ ತಲೆಮಾರುಗಳನ್ನು ಹತ್ತೊಂಬತ್ತನೆಯ ಶತಮಾನದ ಜನಗಣತಿ ಮತ್ತು ವಿವಾಹ ದಾಖಲೆಗಳಲ್ಲಿ ಹುಡುಕುವ ಕ್ರಮವನ್ನು ಕನ್ನಡದಲ್ಲಿ ವಿವರಿಸಲು ಹೊರಟಿರುವ ನನಗೆ, ದಾಖಲೆಗಳಿಗಿಂತ ಅವುಗಳಲ್ಲಿರುವ ಪದಗಳೇ ಹೆಚ್ಚು ತೊಡಕಾಗಿವೆ. ಉದಾಹರಣೆಗಾಗಿ ಕಾರ್ನ್‌ವಾಲ್‌ಗೇ ವಿಶಿಷ್ಟವಾದ ‘ಚಿನೋವೆತ್’ ಎಂಬ ಹೆಸರನ್ನು ಆರಿಸಿಕೊಂಡಿದ್ದೇನೆ. ಹೆಸರಿನ ಜಾಡು ಹಿಡಿಯುವವರಿಗೆ ದಾಖಲೆ ಏನನ್ನು ಹೇಳುತ್ತದೆ ಎಂಬುದಷ್ಟೇ ಅಲ್ಲ, ಏನನ್ನು ಹೇಳದೆ ಬಿಟ್ಟಿದೆ ಎಂಬುದೂ ಮುಖ್ಯ. ಆ ಖಾಲಿ ಜಾಗವನ್ನು ನಮ್ಮ ಪದದಿಂದ ತುಂಬಿಬಿಡದಂತೆ ಅನುವಾದಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಮೊದಲು ‘ಸರ್‌ನೇಮ್’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಧಾರವಾಡ, ವಿಜಯಪುರದ ಕಡೆಯವರಿಗೆ ‘ಅಡ್ಡಹೆಸರು’ ಎಂದರೆ ಪಾಟೀಲ, ಮೆಣಸಿನಕಾಯಿ, ಉಳ್ಳಾಗಡ್ಡಿಯಂತೆ ತಲೆಮಾರಿನಿಂದ ತಲೆಮಾರಿಗೆ ಬರುವ ಹೆಸರು. ಹಳೇ ಮೈಸೂರಿನವರಿಗೆ ಅದೇ ಪದ ಗೆಳೆಯರು ಇಟ್ಟ ತಮಾಷೆಯ ಹೆಸರನ್ನೂ ಸೂಚಿಸುತ್ತದೆ. ‘ಕುಲನಾಮ’ ಎಂದರೆ ಜಾತಿ, ಗೋತ್ರಗಳ ನೆನಪು ಬರುತ್ತದೆ. ‘ಮನೆತನದ ಹೆಸರು’ ಎಂದರೆ ಆ ಹೆಸರಿನವರೆಲ್ಲ ಒಂದೇ ಮೂಲದವರು ಎಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ, ಮತ್ತು ಕಾರ್ನ್‌ವಾಲ್‌ನ ಮಟ್ಟಿಗೆ ಅದು ತಪ್ಪು. ಚಿನೋವೆತ್ ಎಂಬುದು ಆ ಕೌಂಟಿಯ ಹಳೆಯ ಭಾಷೆಯಾದ ಕಾರ್ನಿಶ್‌ನಲ್ಲಿ ಮನೆ ಎಂಬರ್ಥದ ಪದದ ನಂತರ ಹೊಸ ಎಂಬರ್ಥದ ಪದ ಸೇರಿ ಆದದ್ದು. ನಾಮಪದ ಮೊದಲು, ವಿಶೇಷಣ ಆಮೇಲೆ. ಅಂದರೆ ನಮ್ಮ ಕರಾವಳಿ, ಮಲೆನಾಡುಗಳ ‘ಹೊಸಮನೆ’ಯೂ ಉತ್ತರ ಕರ್ನಾಟಕದ ‘ಹೊಸಮನಿ’ಯೂ ಅಕ್ಷರಶಃ ಇದೇ. ಕಾರ್ನ್‌ವಾಲ್‌ನ ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಈ ಹೆಸರಿನ ಜಮೀನುಗಳಿದ್ದವು. ಅಲ್ಲಿ ನೆಲೆಸಿದವರು ಆಯಾ ಜಮೀನಿನ ಹೆಸರಿನಿಂದ ಗುರುತಿಸಿಕೊಂಡರು. ಹೊಸಮನಿಯವರೆಲ್ಲ ಬಂಧುಗಳಲ್ಲ ಎಂಬುದು ನಮಗೆ ಎಷ್ಟು ಸಹಜವೋ ಚಿನೋವೆತ್‌ರ ವಿಷಯದಲ್ಲೂ ಅಷ್ಟೇ ಸಹಜ. ಆದ್ದರಿಂದ ಉತ್ತರ ಕರ್ನಾಟಕದ ಅರ್ಥದಲ್ಲಿ ‘ಅಡ್ಡಹೆಸರು’ ಎಂಬುದನ್ನೇ ಇಟ್ಟುಕೊಂಡು, ಮೊದಲ ಬಾರಿ ಬಂದಾಗ ಅರ್ಥವನ್ನು ವಿವರಿಸಿದರೆ ಸಾಕೆಂದು ನನ್ನ ಅಭಿಪ್ರಾಯ. ದಕ್ಷಿಣದ ಓದುಗರು ಇದನ್ನು ಒಪ್ಪುವರೇ ಎಂಬ ಅನುಮಾನ ಮಾತ್ರ ಉಳಿದಿದೆ.

ಹೆಸರಿನ ಬರವಣಿಗೆಯ ವಿಷಯ ಇನ್ನೂ ಸ್ವಾರಸ್ಯಕರ. ‘ಹೊಸಮನೆ’ಯ ಅರ್ಥ ಇಂದಿಗೂ ಜೀವಂತವಾಗಿರುವುದರಿಂದ ಕನ್ನಡ ಲಿಪಿಯಲ್ಲಿ ಅದನ್ನು ಯಾರೂ ತಪ್ಪಾಗಿ ಬರೆಯುವುದಿಲ್ಲ, ರೋಮನ್ ಲಿಪಿಗೆ ಹೋದಾಗ ಮಾತ್ರ ಒಂದೇ ಮನೆಯ ಇಬ್ಬರು ಬೇರೆ ಬೇರೆ ರೀತಿ ಬರೆದುಕೊಳ್ಳುವುದುಂಟು. ಕಾರ್ನ್‌ವಾಲ್‌ನಲ್ಲಿ ಆ ಆಧಾರವೇ ಕಳಚಿಹೋಗಿತ್ತು. ಕಾರ್ನಿಶ್ ಭಾಷೆಯನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯವರೆಂದು ವಾಡಿಕೆಯಲ್ಲಿ ಹೇಳಲಾಗುವ ಡಾಲಿ ಪೆಂಟ್ರೀತ್ ತೀರಿಕೊಂಡದ್ದು 1777ರಲ್ಲಿ. ಮುಂದಿನ ಶತಮಾನದ ಹೊತ್ತಿಗೆ ಹೆಸರನ್ನು ಹೊತ್ತವರಿಗೂ ಅದನ್ನು ಬರೆದುಕೊಂಡ ಗುಮಾಸ್ತರಿಗೂ ಅದು ಬರೀ ಧ್ವನಿಯಾಗಿ ಉಳಿದಿತ್ತು. ಹೀಗಾಗಿ ರೋಮನ್ ಅಕ್ಷರಗಳಾದ ಸಿ, ಎಚ್‌ಗಳ ನಂತರ ಒಬ್ಬ ಪಾದ್ರಿ ವೈ ಬರೆದರೆ ಇನ್ನೊಬ್ಬರು ಇ, ಮತ್ತೊಬ್ಬರು ಐ ಬರೆದರು. ಅಕಾರಾದಿ ಸೂಚಿಯಲ್ಲಿ ಇ ಮತ್ತು ವೈಗಳ ನಡುವೆ ಪುಟಗಟ್ಟಲೆ ಅಂತರವಿರುವುದರಿಂದ ಒಬ್ಬ ಅಣ್ಣ ಸೂಚಿಯ ಒಂದು ತುದಿಯಲ್ಲಿ, ಅವನ ತಮ್ಮ ಇನ್ನೊಂದು ತುದಿಯಲ್ಲಿ ಸಿಗಬಹುದು. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ‘ಸೌಂಡೆಕ್ಸ್’ ಎಂಬ ಧ್ವನಿಸಂಕೇತ ಪದ್ಧತಿ ಸ್ವರಗಳನ್ನೂ ಎಚ್, ಡಬ್ಲ್ಯು, ವೈಗಳನ್ನೂ ಕೈಬಿಟ್ಟು ಉಳಿದ ವ್ಯಂಜನಗಳನ್ನು ಅಂಕಿಗಳಾಗಿ ಬದಲಿಸುವುದರಿಂದ ಈ ಮೂರೂ ರೂಪಗಳಿಗೆ ಸಿ530 ಎಂಬ ಒಂದೇ ಸಂಕೇತ ಬರುತ್ತದೆ. ಆದರೆ ಅದು ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿಕೊಳ್ಳುವುದರಿಂದ, ‘ಶ’ಕಾರ ಕೇಳಿಸಿಕೊಂಡ ಗಣತಿದಾರನೊಬ್ಬ ಎಸ್‌ನಿಂದ ಆರಂಭಿಸಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಇದರಿಂದ ಕನ್ನಡದಲ್ಲಿ ಬರೆಯುವವರಿಗೆ ಒಂದು ಕಷ್ಟ. ನಮ್ಮ ಲಿಪಿ ಉಚ್ಚಾರವನ್ನು ಹಿಡಿಯುತ್ತದೆ, ಆದ್ದರಿಂದ ಮೂರು ಕಾಗುಣಿತಗಳೂ ‘ಚಿನೋವೆತ್’ ಎಂಬ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ಓದಲು ಹಿತವಾದರೂ, ಜಾಡು ಹಿಡಿಯುವವನಿಗೆ ಬೇಕಾದ ವ್ಯತ್ಯಾಸ ಅಲ್ಲಿ ಅಳಿಸಿಹೋಗುತ್ತದೆ. ‘ಚೆನೋವೆತ್’, ‘ಚೈನೋವೆತ್’ ಎಂದು ಅಕ್ಷರಕ್ಕೆ ಅಕ್ಷರ ಬರೆದರೆ ಯಾರೂ ಆಡದ ಉಚ್ಚಾರಗಳನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಉಲ್ಲೇಖ ಬಂದಾಗಲೆಲ್ಲ ರೋಮನ್ ಅಕ್ಷರದ ಹೆಸರು ಹಿಡಿದು ‘ವೈಕಾರದ ರೂಪ’, ‘ಇಕಾರದ ರೂಪ’ ಎಂದು ಹೇಳುವ ಉಪಾಯವೊಂದನ್ನು ಸದ್ಯಕ್ಕೆ ಹೂಡಿದ್ದೇನೆ. ಇದಕ್ಕಿಂತ ಚೊಕ್ಕವಾದ ದಾರಿ ತಿಳಿದವರು ಸೂಚಿಸಬೇಕು.

ಇನ್ನು ಜನಗಣತಿ. ಹಳೆಯ ಮೈಸೂರು ಸಂಸ್ಥಾನದ ಆಡಳಿತದ ಕನ್ನಡದಲ್ಲಿ ಇದಕ್ಕೆ ‘ಖಾನೇಸುಮಾರಿ’ ಎಂಬ ಪದವಿತ್ತು. ಮನೆಗಳ ಎಣಿಕೆ ಎಂಬ ಅದರ ಮೂಲಾರ್ಥ ಇಲ್ಲಿ ‘ಜನಗಣತಿ’ಗಿಂತ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಅನ್ನಿಸಿದೆ, ಆದರೆ ಇಂದಿನ ಓದುಗರಿಗಾಗಿ ಅದನ್ನು ಬಿಟ್ಟುಕೊಟ್ಟಿದ್ದೇನೆ. 1841ರ ಜೂನ್ 6ರ ಗಣತಿಯಲ್ಲಿ ಪ್ರತಿಯೊಬ್ಬರ ಹೆಸರಿದ್ದರೂ ಮನೆಯವರ ನಡುವಿನ ಸಂಬಂಧ ಇಲ್ಲ. ಹುಟ್ಟಿದ ಊರಿನ ಬದಲು ಇದೇ ಕೌಂಟಿಯಲ್ಲಿ ಹುಟ್ಟಿದ್ದೇ ಎಂಬುದಕ್ಕೆ ಹೌದು ಅಥವಾ ಅಲ್ಲ ಅಷ್ಟೇ. ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂಬ ಸೂಚನೆಯಿದ್ದುದರಿಂದ 35 ಎಂದಿದ್ದರೆ 35ರಿಂದ 39ರವರೆಗೆ ಎಷ್ಟಾದರೂ ಆಗಿರಬಹುದು. 1851ರ ಮಾರ್ಚ್ 30ರ ಗಣತಿಯಿಂದ ಯಜಮಾನನೊಂದಿಗಿನ ಸಂಬಂಧ, ವೈವಾಹಿಕ ಸ್ಥಿತಿ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಎಂಬ ಕಲಂಗಳು ಸೇರಿದವು. ನಮ್ಮ ಕೈಗೆ ಸಿಗುವುದು ಮನೆಯವರು ತುಂಬಿದ ಮೂಲ ಹಾಳೆಯಲ್ಲ, ಗಣತಿದಾರ ಅದನ್ನು ನೋಡಿ ಬರೆದುಕೊಂಡ ಪುಸ್ತಕ. 1901ರವರೆಗಿನ ಮನೆಹಾಳೆಗಳನ್ನು ಉಳಿಸಿಕೊಂಡಿಲ್ಲ. ಹೆಸರು ಒಮ್ಮೆ ಹೇಳುವಾಗ, ಒಮ್ಮೆ ನಕಲು ಮಾಡುವಾಗ, ಈಗ ಮತ್ತೊಮ್ಮೆ ಕಂಪ್ಯೂಟರಿಗೆ ಏರಿಸುವಾಗ ಬದಲಾಗುವ ಅವಕಾಶವಿದೆ.

ಸಂಬಂಧದ ಕಲಮ್ಮೇ ಕನ್ನಡಕ್ಕೆ ನಿಜವಾದ ಪರೀಕ್ಷೆ. ಹತ್ತು ವರ್ಷದ ಅವಿವಾಹಿತ ಹುಡುಗನೊಬ್ಬನ ಮುಂದೆ ‘ಸನ್ ಇನ್ ಲಾ’ ಎಂದು ಬರೆದಿರುವುದನ್ನು ಕಂಡು ‘ಅಳಿಯ’ ಎಂದು ಅನುವಾದಿಸಿದರೆ ಬಾಲ್ಯವಿವಾಹವೇ ನಡೆದಂತಾಗುತ್ತದೆ. ಆ ಕಾಲದ ಇಂಗ್ಲಿಷಿನಲ್ಲಿ ಈ ಮಾತು ಹೆಂಡತಿಯ ಮೊದಲ ಮದುವೆಯ ಮಗನಿಗೂ, ಅಂದರೆ ಮಲಮಗನಿಗೂ, ಬಳಕೆಯಲ್ಲಿತ್ತು. ಗಣತಿದಾರ ಅವನಿಗೂ ಯಜಮಾನನ ಅಡ್ಡಹೆಸರನ್ನೇ ಹಚ್ಚಿದ್ದರೆ, ಹತ್ತು ವರ್ಷಗಳ ನಂತರ ಮದುವೆಯ ದಾಖಲೆಯಲ್ಲಿ ಅದೇ ಹುಡುಗ ಸ್ವಂತ ತಂದೆಯ ಹೆಸರಿನಲ್ಲಿ ಕಾಣಿಸಿಕೊಂಡಾಗ ಇಬ್ಬರೂ ಬೇರೆಯೆಂದು ತೋರುತ್ತದೆ. ಹೆಸರಿನ ಜಾಡು ತಪ್ಪುವ ಜಾಗಗಳಲ್ಲಿ ಇದು ತುಂಬ ಸಾಮಾನ್ಯವಾದದ್ದು.

‘ನೆಫ್ಯೂ’ ಎಂಬ ಪದ ಇನ್ನೂ ಕಷ್ಟ. ಅಣ್ಣತಮ್ಮಂದಿರ ಮಗನೋ ಅಕ್ಕತಂಗಿಯರ ಮಗನೋ ಎಂಬುದನ್ನು ಇಂಗ್ಲಿಷ್ ಕೇಳುವುದಿಲ್ಲ, ಕನ್ನಡ ಕೇಳದೆ ಬಿಡುವುದಿಲ್ಲ. ‘ಸೋದರಳಿಯ’ ಎಂದರೆ ಗಂಡಸಿನ ಮಟ್ಟಿಗೆ ಅಕ್ಕತಂಗಿಯರ ಮಗನೇ. ಯಜಮಾನ ಚಿನೋವೆತ್ ಆಗಿದ್ದು ಹುಡುಗನೂ ಚಿನೋವೆತ್ ಆಗಿದ್ದರೆ ಅಣ್ಣನ ಅಥವಾ ತಮ್ಮನ ಮಗ ಎನ್ನಲು ಮನಸ್ಸು ಬರುತ್ತದೆ. ಆದರೆ ಮದುವೆಯಾಗದ ತಂಗಿಯ ಮಗನಿಗೂ ಅದೇ ಹೆಸರು ಬರುತ್ತಿತ್ತು. ಹುಡುಗನ ಹೆಸರು ಬೇರೆಯಾಗಿದ್ದರೆ ತಂಗಿಯ ಮಗನಿರಬಹುದು, ಹೆಂಡತಿಯ ಕಡೆಯ ಯಾರಾದರೂ ಇರಬಹುದು. ತೀರ್ಮಾನಿಸಬೇಕಾದರೆ ಹುಡುಗನ ತಾಯಿಯ ಮದುವೆಯ ದಾಖಲೆ ಸಿಗಬೇಕು, ಅದರಲ್ಲಿ ವಧುವಿನ ತಂದೆಯ ಹೆಸರು ಯಜಮಾನನ ತಂದೆಯ ಹೆಸರಿಗೆ ಹೊಂದಬೇಕು. ಅಲ್ಲಿಯವರೆಗೆ ಕನ್ನಡದಲ್ಲಿ ಏನೆಂದು ಬರೆಯುವುದು? ‘ಒಡಹುಟ್ಟಿದವರ ಮಗ’ ಎಂದರೆ ಹೆಂಡತಿಯ ಕಡೆಯವರು ಹೊರಗುಳಿಯುತ್ತಾರೆ. ‘ನೆಫ್ಯೂ’ ಎಂದೇ ಕನ್ನಡ ಲಿಪಿಯಲ್ಲಿ ಬಿಡುವುದು ಸೋಲೊಪ್ಪಿದಂತೆ ಕಂಡರೂ ಇಲ್ಲಿ ಅದೇ ಪ್ರಾಮಾಣಿಕ ಎಂದು ನಾನು ವಾದಿಸುತ್ತೇನೆ. ‘ಕಸಿನ್’ಗೂ ಇದೇ ಮಾತು ಅನ್ವಯಿಸುತ್ತದೆ.

ವಿವಾಹ ದಾಖಲೆಗಳಿಗೆ ಬಂದರೆ, 1837ರ ಜುಲೈ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರಕಾರಿ ನೋಂದಣಿ ಆರಂಭವಾದಾಗ ಬಂದ ನಮೂನೆಯಲ್ಲಿ ವಧೂವರರ ಹೆಸರು, ವಯಸ್ಸು, ಸ್ಥಿತಿ, ಕಸುಬು, ವಾಸಸ್ಥಳಗಳ ಜೊತೆಗೆ ಇಬ್ಬರ ತಂದೆಯರ ಹೆಸರು ಮತ್ತು ಕಸುಬುಗಳಿಗೆ ಕಲಂ ಇತ್ತು. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ! 1837ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ತಂದೆಯ ಹೆಸರೂ ಇರುವುದಿಲ್ಲ. ಕಾರ್ನ್‌ವಾಲ್‌ನಲ್ಲಿ ಮೆಥಡಿಸ್ಟರು, ಅಂದರೆ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟೆಂಟ್ ಪಂಗಡದವರು, ಬಹಳ ಮಂದಿಯಿದ್ದರೂ, 1754ರಿಂದ 1837ರವರೆಗೆ ಕಾನೂನಿನ ಪ್ರಕಾರ ಅವರ ಮದುವೆಗಳು ಆಂಗ್ಲಿಕನ್ ಚರ್ಚಿನಲ್ಲೇ ನಡೆಯಬೇಕಿದ್ದವು. ಹೀಗಾಗಿ ಮಗುವಿನ ದೀಕ್ಷಾಸ್ನಾನ ಒಂದು ಕಡೆ, ತಂದೆತಾಯಿಯರ ಮದುವೆ ಇನ್ನೊಂದು ಕಡೆ ಸಿಗುವುದುಂಟು. ಸಹಿಯ ಜಾಗದಲ್ಲಿ, ಬರೆಯಲು ಬಾರದವರು ಹಾಕುತ್ತಿದ್ದ ಎಕ್ಸ್ ಆಕಾರದ ಗುರುತಿದ್ದರೆ ಅಲ್ಲಿನ ಕಾಗುಣಿತ ಪಾದ್ರಿಯದು, ಮನೆಯವರದಲ್ಲ. ಸ್ವತಃ ಸಹಿ ಮಾಡಿದ ಚಿನೋವೆತ್ ಒಬ್ಬ ಸಿಕ್ಕರೆ ಆ ರೂಪಕ್ಕೆ ಹೆಚ್ಚು ತೂಕ ಕೊಡಬೇಕು.

ಈ ನಮೂನೆಯ ಎರಡು ಪದಗಳ ಬಗ್ಗೆ ನಿರ್ದಿಷ್ಟವಾಗಿ ಕೇಳಬೇಕಾಗಿದೆ. ವಯಸ್ಸಿನ ಕಲಮ್ಮಿನಲ್ಲಿ ಸಂಖ್ಯೆಯ ಬದಲು ‘ಫುಲ್ ಏಜ್’ ಎಂದು ಬರೆಯುವ ರೂಢಿಯಿತ್ತು. ಅದರ ಅರ್ಥ 21 ತುಂಬಿದೆ ಎಂದಷ್ಟೇ. 22 ಆಗಿರಬಹುದು, 60 ಆಗಿರಬಹುದು. ‘ಪ್ರಾಪ್ತ ವಯಸ್ಕ’ ಎಂದು ಬರೆದರೆ ನಮ್ಮ ಓದುಗರು 18 ಎಂದು ತಿಳಿಯುತ್ತಾರೆ, ಏಕೆಂದರೆ ಭಾರತದಲ್ಲಿ 1875ರ ಕಾಯಿದೆಯಿಂದಲೇ ಆ ಗಡಿ ರೂಢಿಯಾಗಿದೆ. ‘21 ತುಂಬಿದವರು’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ಕಾಣುತ್ತದೆ. ಇನ್ನೊಂದು, ಸ್ಥಿತಿಯ ಕಲಮ್ಮಿನ ‘ಸ್ಪಿನ್‌ಸ್ಟರ್’. ಅದು ಮುದುಕಿಯಾಗುವವರೆಗೆ ಮದುವೆಯಾಗದವಳೆಂಬ ಮೂದಲಿಕೆಯಲ್ಲ, ಹದಿನೆಂಟರ ಹುಡುಗಿಗೂ ಅದೇ ಪದ. ‘ಕನ್ಯೆ’ ಎಂದರೆ ದಾಖಲೆ ಹೇಳದ ಅರ್ಥ ಸೇರಿಕೊಳ್ಳುತ್ತದೆ; ‘ಅವಿವಾಹಿತೆ’ ಸಾಕು. ‘ವಿಧವೆ’ ಎಂದಿದ್ದರೆ ಮಾತ್ರ ಜಾಗರೂಕರಾಗಿರಬೇಕು, ಏಕೆಂದರೆ ಅಲ್ಲಿ ವಧುವಿನ ಅಡ್ಡಹೆಸರು ಮೊದಲ ಗಂಡನದು, ತವರಿನ ಹೆಸರು ತಂದೆಯ ಕಲಮ್ಮಿನಲ್ಲಿ ಮಾತ್ರ ಇರುತ್ತದೆ. ಸೂಚಿಯಲ್ಲಿ ಚಿನೋವೆತ್ ಎಂದು ಸಿಕ್ಕ ಹೆಂಗಸು ಹುಟ್ಟಿನಿಂದ ಚಿನೋವೆತ್ ಆಗಿರಬೇಕೆಂದಿಲ್ಲ.

ಕಸುಬಿನ ಕಲಮ್ಮಿನಲ್ಲಿ ‘ಕ್ಯಾಪ್ಟನ್’ ಎಂದು ಕಂಡರೆ ಅದು ಸೈನ್ಯದ್ದೂ ಹಡಗಿನದ್ದೂ ಆಗಿರದೆ ಗಣಿಯ ಮೇಲ್ವಿಚಾರಕನ ಹುದ್ದೆಯಾಗಿರುವ ಸಾಧ್ಯತೆಯೇ ಹೆಚ್ಚು. ‘ಬಾಲ್ ಮೇಡನ್’ ಎಂಬ ಮಾತೂ ಇದೆ. ಕಾರ್ನಿಶ್‌ನಲ್ಲಿ ಬಾಲ್ ಎಂದರೆ ಗಣಿ, ಈ ಹೆಂಗಸರು ಗಣಿಯ ಒಳಗಿಳಿಯದೆ ಮೇಲೆ ಅದಿರು ಒಡೆಯುತ್ತಿದ್ದರು. ‘ಗಣಿಯ ಹುಡುಗಿ’ ಎಂದರೆ ಪೂರ್ತಿ ಅರ್ಥ ಬರುವುದಿಲ್ಲ, ‘ಅದಿರು ಒಡೆಯುವವಳು’ ಎಂದರೆ ಬರುತ್ತದೆ. ಮನೆಯ ಗಂಡಸರ ಕಸುಬು 1861ರಲ್ಲಿ ತಾಮ್ರದ ಗಣಿಗಾರನೆಂದಿದ್ದು 1871ರಲ್ಲಿ ಮನೆಯೇ ಕಾಣೆಯಾದರೆ ಆಶ್ಚರ್ಯಪಡಬೇಕಾಗಿಲ್ಲ. 1866ರ ನಂತರ ತಾಮ್ರದ ಬೆಲೆ ಕುಸಿದು ಜನ ದಕ್ಷಿಣ ಆಸ್ಟ್ರೇಲಿಯ, ಮಿಷಿಗನ್, ಮೆಕ್ಸಿಕೊಗಳಿಗೆ, ಆಮೇಲೆ ಕೋಲಾರಕ್ಕೂ ಹೊರಟರು. 1861ರಲ್ಲಿ ಸುಮಾರು 3,69,000 ಇದ್ದ ಕಾರ್ನ್‌ವಾಲ್‌ನ ಜನಸಂಖ್ಯೆ 1901ರ ಹೊತ್ತಿಗೆ ಸುಮಾರು 3,22,000ಕ್ಕೆ ಇಳಿಯಿತು.

‘ಕೌಂಟಿ’ಯನ್ನು ‘ಜಿಲ್ಲೆ’ ಎನ್ನಬಾರದೇ ಎಂದು ಕೇಳಬಹುದು. ರೆಡ್ರೂತ್, ಪೆನ್‌ಜಾನ್ಸ್, ಹೆಲ್‌ಸ್ಟನ್‌ಗಳಂಥ ನೋಂದಣಿ ಡಿಸ್ಟ್ರಿಕ್ಟ್‌ಗಳು ಕೌಂಟಿಯೊಳಗೇ ಬೇರೆ ಇರುವುದರಿಂದ, ಲಾನ್ಸ್‌ಟನ್‌ನಂಥ ಕೆಲವು ಕಡೆ ಅವು ಪಕ್ಕದ ಡೆವನ್ ಕೌಂಟಿಯ ಪ್ಯಾರಿಷ್‌ಗಳನ್ನೂ ಒಳಗೊಂಡಿದ್ದುದರಿಂದ, ಮೇಲಿನದಕ್ಕೆ ‘ಕೌಂಟಿ’, ಕೆಳಗಿನದಕ್ಕೆ ‘ನೋಂದಣಿ ವಲಯ’ ಎಂದು ಇಟ್ಟುಕೊಂಡಿದ್ದೇನೆ. ‘ಪ್ಯಾರಿಷ್’ಗೆ ನಮ್ಮ ಕ್ಯಾಥೊಲಿಕರಲ್ಲಿ ‘ಧರ್ಮಕೇಂದ್ರ’ ಎಂಬ ಸುಂದರ ಪದವಿದೆ, ಆದರೆ ಇಲ್ಲಿನ ಪ್ಯಾರಿಷ್ ಬಡವರ ನೆರವಿಗಾಗಿ ತೆರಿಗೆ ಎತ್ತುವ ಆಡಳಿತ ಘಟಕವೂ ಆಗಿದ್ದುದರಿಂದ ಅದನ್ನು ಬಳಸಲು ಹಿಂಜರಿಯುತ್ತಿದ್ದೇನೆ.

ಕೊನೆಯದಾಗಿ, ಕ್ರೈಸ್ತ ಓದುಗರಿಗೆ ಒಂದು ಕೋರಿಕೆ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ವಧೂವರರ ಹೆಸರನ್ನು ಓದಿ, ಆಕ್ಷೇಪಣೆಯಿದ್ದವರು ತಿಳಿಸಬೇಕೆಂದು ಸಾರುವ ‘ಬ್ಯಾನ್ಸ್’ ಎಂಬ ಪದ್ಧತಿಗೆ ನಿಮ್ಮ ಸಭೆಗಳಲ್ಲಿ, ವಿಶೇಷವಾಗಿ ಕೋಲಾರ, ಬೆಂಗಳೂರು, ಧಾರವಾಡದ ಹಳೆಯ ಸಭೆಗಳಲ್ಲಿ, ಕನ್ನಡದಲ್ಲಿ ಏನೆನ್ನುತ್ತಾರೆ? ‘ವಿವಾಹ ಪ್ರಕಟಣೆ’ ಎಂದು ಬರೆದರೆ ಪತ್ರಿಕೆಯ ಜಾಹೀರಾತಿನಂತೆ ಕೇಳಿಸುತ್ತದೆ. ವರ ಒಂದು ಪ್ಯಾರಿಷ್‌ನವನು, ವಧು ಇನ್ನೊಂದು ಪ್ಯಾರಿಷ್‌ನವಳು ಆಗಿದ್ದಾಗ ಎರಡೂ ಕಡೆ ಇದನ್ನು ಓದುತ್ತಿದ್ದರು, ಎರಡೂ ಕಡೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದೇ ಜೋಡಿಯ ಅಡ್ಡಹೆಸರು ಎರಡು ಕಾಗುಣಿತಗಳಲ್ಲಿ ಸಿಗುವುದು ಬಹಳ ಸಲ ಇಲ್ಲಿಯೇ. ಆದ್ದರಿಂದ ಈ ಪದ ನನ್ನ ಬರಹದಲ್ಲಿ ಮತ್ತೆ ಮತ್ತೆ ಬರಲಿದೆ, ಬಳಕೆಯಲ್ಲಿರುವ ಪದವೇ ಸಿಕ್ಕರೆ ಉಪಕಾರವಾಗುತ್ತದೆ.